ಗದ್ದದ ಮೇಲೊಂದು ಗಾಯ

ಡಿಪೋ ಯಾವುದು, ಆಸ್ಪತ್ರೆ ಯಾವುದು, ಡಾಕ್ಟರು ಯಾರು ಎಂದು ನಾನು ಬರೆಯುವುದಿಲ್ಲ. ಯಾರ ಜೊತೆ ಜಗಳ ಆಡಬೇಕಿತ್ತೋ ಅವರ ಜೊತೆ ಎದುರಿಗೇ ನಿಂತು ಆಡಿ ಮುಗಿಸಿದ್ದೇನೆ. ಇದು ನನ್ನ ಗದ್ದದ ಮೇಲೆ ಒಂದೂವರೆ ವರ್ಷ ಕೀವು ಸುರಿಸಿದ ಒಂದು ಗಾಯದ ಕಥೆ, ಅಷ್ಟೇ.

ನಾನು ಬಸ್ ಕಂಡಕ್ಟರ್. ಹುಟ್ಟಿದ್ದು ಬೂಕನಕೆರೆ ಕಡೆಯ ಒಕ್ಕಲು ಮನೆಯಲ್ಲಿ, ಕೊಟ್ಟಿದ್ದು ಕೆ.ಆರ್. ಪೇಟೆಗೆ. ಆಗ ಕೆ.ಆರ್. ಪೇಟೆಯಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗಿಬರುವ ಬಸ್ಸಿನಲ್ಲಿ ನನ್ನ ಡ್ಯೂಟಿ. ಡ್ರೈವರು ನನಗಿಂತ ಹದಿನೈದು ವರ್ಷ ಹಿರಿಯರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಅವ್ವ ಅನ್ನುತ್ತಿದ್ದರು. ಒಂದೇ ಬಸ್ಸಿನಲ್ಲಿ ಎಂಟು ವರ್ಷ ಕೂಡಿ ಓಡಾಡಿದ್ದೆವು. ನಾನು ವಿಷಲ್ ಊದುವ ಮೊದಲೇ ಅವರ ಕೈ ಗೇರಿಗೆ ಹೋಗಿರುತ್ತಿತ್ತು.

ಕಂಡಕ್ಟರ ಮುಖವನ್ನು ದಿನಕ್ಕೆ ಐನೂರು ಜನ ಹತ್ತಿರದಿಂದ ನೋಡುತ್ತಾರೆ. ಕಿಕ್ಕಿರಿದ ಬಸ್ಸಿನಲ್ಲಿ ಅರ್ಧ ಗೇಣು ದೂರದಿಂದ. ಹಾಗಾಗಿ ಕೆಳತುಟಿಯ ಕೆಳಗೆ, ಗದ್ದದ ನಡುಮಧ್ಯದಿಂದ ಸ್ವಲ್ಪ ಎಡಕ್ಕೆ, ಒಂದು ಕೆಂಪು ಗುಳ್ಳೆ ಎದ್ದಾಗ ನನಗಿಂತ ಮೊದಲು ಪ್ರಯಾಣಿಕರೇ ಕಂಡುಹಿಡಿದರು.

‘ಏನವ್ವ ಅದು ಗದ್ದದ ಮ್ಯಾಲೆ? ಉಷ್ಣದ ಗುಳ್ಳೆ ಕಣ್ ತಾಯಿ. ಮಜ್ಜಿಗೆ ಕುಡಿ.’

‘ಅಯ್ಯೋ, ಸೋಪು ಬದಲಾಯ್ಸು ಕಣಮ್ಮಿ.’

ನಾನು ಮೊಡವೆ ಇರಬೇಕೆಂದು ಚಿವುಟಿದೆ. ಕೀವು ಬಂತು, ಒಣಗಿತು. ಎರಡು ವಾರಕ್ಕೆ ಅದೇ ಜಾಗದಲ್ಲಿ ಮತ್ತೆ ಎದ್ದಿತು. ಈ ಸಲ ತಾನಾಗಿಯೇ ಒಡೆಯಿತು. ಆಮೇಲೆ ಅದು ಗುಳ್ಳೆಯಾಗಿರಲಿಲ್ಲ. ಅಕ್ಕಿಕಾಳಿನಷ್ಟು ತೂತು, ಸುತ್ತ ಕೆಂಪು ಮಾಂಸ, ಒಳಗಿಂದ ದಿನವೂ ಒಂದೆರಡು ಹನಿ. ನೋವು ಮಾತ್ರ ಚೂರೂ ಇರಲಿಲ್ಲ. ನೋವಿದ್ದಿದ್ದರೆ ಬಹುಶಃ ಇಷ್ಟು ದಿನ ಎಳೆಯುತ್ತಿರಲಿಲ್ಲ.

ನನ್ನ ಅತ್ತೆ ಅರಿಸಿನಕ್ಕೆ ಸುಣ್ಣ ಕಲಸಿ ಹಚ್ಚಿದರು. ಯಾರದೋ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಡಿಕಲ್ ಸ್ಟೋರಿನವನು ಮೂರು ತರಹದ ಮುಲಾಮು ಕೊಟ್ಟ. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಮಾತ್ರೆ ಬರೆದರು. ನುಂಗುವಷ್ಟು ದಿನ ಗಾಯ ಒಣಗಿ ಹಕ್ಕಳೆ ಕಟ್ಟುತ್ತಿತ್ತು. ಮಾತ್ರೆ ಮುಗಿದ ಹತ್ತನೆಯ ದಿನಕ್ಕೆ ಹಕ್ಕಳೆಯ ಕೆಳಗಿಂದ ಮತ್ತೆ ಹನಿ. ಹೀಗೆ ನಾಲ್ಕು ಸಲ. ಮಾತ್ರೆಯ ಬಣ್ಣ ಬದಲಾಗುತ್ತಿತ್ತೇ ಹೊರತು ಗಾಯ ಬದಲಾಗಲಿಲ್ಲ.

ಆಮೇಲೆ ಅವರು ನನ್ನನ್ನು ದೊಡ್ಡ ಆಸ್ಪತ್ರೆಯ ಸರ್ಜನ್ ಬಳಿಗೆ ಕಳಿಸಿದರು. ಸರ್ಜನ್ ಗಾಯದ ಸುತ್ತ ಕತ್ತರಿಸಿ ತೆಗೆದು, ನಾಲ್ಕು ಹೊಲಿಗೆ ಹಾಕಿ, ತೆಗೆದ ಚೂರನ್ನು ಪರೀಕ್ಷೆಗೆ ಕಳಿಸಿದರು. ಅದರ ವರದಿ ಬರುವವರೆಗಿನ ಎಂಟು ದಿನ ನಾನು ಏನು ತಿಂದೆ, ಏನು ಮಾತಾಡಿದೆ ನೆನಪಿಲ್ಲ. ಕ್ಯಾನ್ಸರ್ ಎಂಬ ಮಾತನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡಲಿಲ್ಲ, ಎಲ್ಲರ ಕಣ್ಣಲ್ಲೂ ಅದೇ ಇತ್ತು. ವರದಿಯಲ್ಲಿ ಅಂಥದ್ದೇನೂ ಇಲ್ಲ, ಬರೀ ಹಳೆಯ ಸೋಂಕು ಎಂದು ಬಂತು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಮೂರನೆಯ ವಾರ ಹೊಲಿಗೆಯ ಗೆರೆಯ ನಡುವಿನಿಂದಲೇ ಕೀವು ಇಣುಕಿತು.

ಗಂಡ, ‘ಕೆಲ್ಸ ಬುಟ್ಬುಡು. ಮನೇಲಿರು. ಧೂಳು ತಾಕದಂಗಿದ್ರೆ ವಾಸಿಯಾಯ್ತದೆ’ ಅಂದ.

‘ಧೂಳಿಗೆ ಆಗಿದ್ರೆ ಅಣ್ಣನ ಮುಖದ ಮ್ಯಾಲೂ ಆಗ್ಬೇಕಿತ್ತು. ನಾನು ಬುಡಾಕಿಲ್ಲ’ ಅಂದೆ.

ಬಿಡಲಿಲ್ಲ. ಗದ್ದದ ಮೇಲೆ ಬಿಳಿ ಪಟ್ಟಿ ಅಂಟಿಸಿಕೊಂಡು ಡ್ಯೂಟಿಗೆ ಹೋದೆ. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೂ ನಾನು ಹತ್ತಿರ ಹೋದರೆ ಕೆಲವರು ಆ ಇಕ್ಕಟ್ಟಿನಲ್ಲೂ ಹಿಂದಕ್ಕೆ ಸರಿಯುತ್ತಿದ್ದರು. ಮಕ್ಕಳ ಮುಖವನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಒಬ್ಬನ ಮೇಲೆ.

ಪಾಂಡವಪುರದಲ್ಲಿ ಹತ್ತಿದ ಇಸ್ತ್ರಿ ಅಂಗಿಯ ಮನುಷ್ಯ. ನಾನು ಮಿಷನ್ನಿನಿಂದ ಟಿಕೆಟ್ ಹರಿದು ಚಾಚಿದೆ. ಅವನು ಕೈ ಮುಂದೆ ಮಾಡಲಿಲ್ಲ.

‘ಸೀಟ್ ಮ್ಯಾಲೆ ಮಡುಗು. ನಾನೇ ಎತ್ಕತೀನಿ’ ಅಂದ.

‘ಯಾಕ್ರೀ?’

‘ಮುಖ ನೋಡ್ಕೊಂಡಿದ್ದೀಯಾ? ಅಂಟುಜಾಡ್ಯ ಇಟ್ಕಂಡು ಬಸ್ನಲ್ಲಿ ಓಡಾಡ್ತೀಯಲ್ಲ, ನಾಚ್ಕೆ ಆಗಾಕಿಲ್ವಾ?’

ನಾನು ವಿಷಲ್ ಊದಿದೆ. ಬಸ್ ಹೊಲದ ಪಕ್ಕ ನಿಂತಿತು. ‘ಟಿಕೆಟ್ ಕೊಡೋದು ನನ್ನ ಕೆಲ್ಸ. ಕೈಗೇ ಕೊಡ್ತೀನಿ. ನನ್ನ ಕೈಯಿಂದ ಬ್ಯಾಡ ಅನ್ನೋರು ಇಲ್ಲೇ ಇಳ್ಕಬಹುದು’ ಅಂದೆ.

ಡ್ರೈವರಣ್ಣ ಎಂಜಿನ್ ಆಫ್ ಮಾಡಿ, ಸೀಟಿನಲ್ಲೇ ತಿರುಗಿ ಕುಳಿತು, ಬೀಡಿ ಕಟ್ಟು ತೆಗೆದು ಎಣಿಸತೊಡಗಿದರು. ಇವತ್ತೆಲ್ಲ ಇಲ್ಲೇ ನಿಂತರೂ ಅವರಿಗೆ ಅಡ್ಡಿಯಿಲ್ಲ ಎನ್ನುವ ಹಾಗೆ. ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು: ‘ಇಸ್ಕಳ್ಳಲಾ ಟಿಕೆಟ್ನ! ಬಿಸ್ಲಾಗೆ ಸಾಯ್ತಾ ಇವ್ನಿ ಇಲ್ಲಿ!’ ನಾಲ್ಕಾರು ಜನ ನಕ್ಕರು. ಅವನು ಕೈ ಚಾಚಿ ಟಿಕೆಟ್ ತಗೊಂಡ. ಆದರೆ ಮಾರನೆಯ ದಿನ ಡಿಪೋಗೆ ದೂರು ಕೊಟ್ಟ.

ಡಿಪೋ ಮ್ಯಾನೇಜರು ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯರೇನಲ್ಲ. ಕುರ್ಚಿ ತೋರಿಸಿ ಕುಳಿತುಕೊಳ್ಳಲು ಹೇಳಿದರು.

‘ನೋಡಮ್ಮ, ಪ್ರಯಾಣಿಕರು ಕಂಪ್ಲೇಂಟ್ ಕೊಟ್ಟಿದ್ದಾರೆ. ಮುಖ ವಾಸಿಯಾಗೋವರೆಗೂ ಆಫೀಸಿನೊಳಗೆ ಕೂತು ಕೆಲಸ ಮಾಡು. ನಿನಗೂ ಆರಾಮು.’

‘ಯಾವ ಕಾರಣಕ್ಕೆ ಅಂತ ಬರೆದು ಕೊಡಿ ಸಾರ್.’

‘ಬರೆಯೋದೇನಿದೆ ಇದರಲ್ಲಿ? ಬಾಯಿ ಮಾತಲ್ಲೇ ಹೇಳ್ತಿದ್ದೀನಲ್ಲ.’

‘ನಂಗೆ ಅಂಟುರೋಗ ಐತೆ ಅಂತ ಯಾವ ಡಾಕ್ಟರೂ ಹೇಳಿಲ್ಲ. ವರದಿ ಐತೆ, ಇಲ್ಲೇ ಐತೆ, ನೋಡಿ. ಹೆಂಗಸಿನ ಮುಖ ಚೆನ್ನಾಗಿಲ್ಲ, ಅದಕ್ಕೆ ಲೈನ್ ಮೇಲಿಂದ ತೆಗೀತಿದ್ದೀವಿ ಅಂತ ಬರೆದು ಸೀಲ್ ಒತ್ತಿ ಕೊಡಿ. ಸುಮ್ಮನೆ ಹೋಗಿ ಕೂತ್ಕತೀನಿ.’

ಅವರು ಪೆನ್ನನ್ನು ಮೇಜಿನ ಮೇಲೆ ಉರುಳಿಸುತ್ತಾ ಕುಳಿತರು. ಬರೆಯಲಿಲ್ಲ. ಕೊನೆಗೆ, ‘ಮೂರು ತಿಂಗಳು ನೋಡೋಣ. ಅಷ್ಟರಲ್ಲಿ ವಾಸಿಯಾಗಿರೋ ಸರ್ಟಿಫಿಕೇಟ್ ತಗೊಂಡು ಬಾ’ ಅಂದರು. ನಾನು ಎದ್ದು ಬಂದು ಟಿಕೆಟ್ ಮಿಷನ್ ಹೆಗಲಿಗೆ ಹಾಕಿಕೊಂಡೆ. ಬಸ್ಸಿನ ಹಿಂದೆ ಹೋಗಿ ಐದು ನಿಮಿಷ ಅತ್ತೆ. ಅದನ್ನು ಯಾರೂ ನೋಡಲಿಲ್ಲ.

ಆ ದಿನಗಳಲ್ಲೇ ಒಬ್ಬ ಹುಡುಗಿ ಮಾತಾಡಿಸಿದ್ದು. ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ವಾರಕ್ಕೆ ಮೂರು ಸಲ ಬರುತ್ತಿದ್ದಳು. ಕನ್ನಡಕ, ತೊಡೆಯ ಮೇಲೆ ಊಟದ ಬ್ಯಾಗು. ಯಾವುದೋ ಕಾಲೇಜಿನವಳೆಂದುಕೊಂಡಿದ್ದೆ. ಬಸ್ ಖಾಲಿಯಿದ್ದ ಒಂದು ಮಧ್ಯಾಹ್ನ, ‘ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಕೆಳಗಡೆ ಮುಂದಿನ ಹಲ್ಲು ಯಾವುದಾದ್ರೂ ಕಪ್ಪಾಗಿದೆಯಾ?’ ಅಂದಳು.

ನನಗೆ ಸಿಟ್ಟು ತಲೆಗೇರಿತು. ಗಾಯದ ಬಗ್ಗೆ ಸಾವಿರ ಮಾತು ಕೇಳಿಸಿಕೊಂಡಿದ್ದೆ, ಈಗ ಹಲ್ಲಿಗೂ ಬಂದಳಲ್ಲ!

‘ಗಾಯ ಆಗಿರೋದು ಗದ್ದಕ್ಕೆ. ಹಲ್ಲು ನೆಟ್ಟಗವೆ.’

‘ನಾನು ಹಲ್ಲಿನ ಡಾಕ್ಟರ್. ಶ್ರೀರಂಗಪಟ್ಟಣದಲ್ಲಿ ಕ್ಲಿನಿಕ್ ಇದೆ. ಒಂದೊಂದು ಸಲ ಹಲ್ಲಿನ ಬೇರಲ್ಲಿ ಆದ ಕೀವು ಚರ್ಮದ ಮೇಲೆ ದಾರಿ ಮಾಡ್ಕೊಂಡು ಬರುತ್ತೆ. ಯಾವತ್ತಾದ್ರೂ ಬಾಯಿಗೆ ಏಟು ಬಿದ್ದಿತ್ತಾ?’

‘ಇಲ್ಲ’ ಅಂದೆ. ‘ನಿಮ್ಮ ಸ್ಟಾಪ್ ಬಂತು, ಇಳೀರಿ.’

ಸ್ಟಾಪ್ ಇನ್ನೂ ದೂರವಿತ್ತು. ಇಳಿಯುವಾಗ ಒಂದು ಚೀಟಿಯಲ್ಲಿ ಕ್ಲಿನಿಕ್ಕಿನ ವಿಳಾಸ ಬರೆದು ಕೊಟ್ಟಳು. ಅದನ್ನು ಬ್ಯಾಗಿಗೆ ತುರುಕಿದೆ. ಅಷ್ಟು ಹೊತ್ತಿಗೆ ಯಾರು ಏನು ಹೇಳಿದರೂ ಬೇಡ ಅನ್ನುವುದೇ ನನಗೆ ಅಭ್ಯಾಸವಾಗಿಬಿಟ್ಟಿತ್ತು. ಯಾವುದು ಅವಮಾನ, ಯಾವುದು ಸಹಾಯ ಎಂದು ವಿಂಗಡಿಸುವ ತಾಳ್ಮೆ ಉಳಿದಿರಲಿಲ್ಲ.

ಇತ್ತ ಸರ್ಜನ್, ಇನ್ನೊಂದು ಸಲ ಆಪರೇಷನ್ ಮಾಡಬೇಕು, ಈ ಸಲ ಇನ್ನೂ ಅಗಲವಾಗಿ ತೆಗೆಯಬೇಕು, ಬೇಕಾದರೆ ಬೇರೆ ಕಡೆಯ ಚರ್ಮ ತೆಗೆದು ಅಲ್ಲಿ ಹಾಕಬೇಕಾಗುತ್ತದೆ ಎಂದರು. ಒಪ್ಪಿಕೊಂಡೆ. ಸೋಮವಾರ ಅಡ್ಮಿಟ್ ಆಗಬೇಕಿತ್ತು.

ಭಾನುವಾರ ನನಗೆ ವಾರದ ರಜೆ. ಬೆಳಿಗ್ಗೆ ಹಿತ್ತಲಿನಲ್ಲಿ, ಗೋಡೆಗೆ ಸಿಕ್ಕಿಸಿದ ಕನ್ನಡಿಯ ಮುಂದೆ ನಿಂತು ಹಲ್ಲುಜ್ಜುತ್ತಿದ್ದೆ. ನಾಳೆ ಈ ಗದ್ದ ಹೇಗಾಗುತ್ತದೋ, ಕೊನೆಯ ಸಲ ಸರಿಯಾಗಿ ನೋಡಿಬಿಡೋಣ ಎಂದು ಕೆಳತುಟಿಯನ್ನು ಎರಡು ಬೆರಳಲ್ಲಿ ಕೆಳಕ್ಕೆ ಎಳೆದೆ. ಬಿಸಿಲು ನೇರವಾಗಿ ಬಾಯೊಳಗೆ ಬಿದ್ದಿತ್ತು. ಕೆಳಸಾಲಿನ ಮುಂದಿನ ನಾಲ್ಕು ಹಲ್ಲುಗಳಲ್ಲಿ ಎಡಗಡೆಯ ಒಂದು, ಉಳಿದವುಗಳಂತಿರಲಿಲ್ಲ. ಕಪ್ಪಲ್ಲ, ತೊಳೆದ ಬೂದಿಯ ಬಣ್ಣ. ಅದರ ಬುಡದ ವಸಡಿನ ಮೇಲೆ ಬೆರಳಾಡಿಸಿದೆ. ಒಳಗೆ ನೂಲಿನ ಹುರಿಯಂಥದ್ದೊಂದು ಗಟ್ಟಿಯಾಗಿ ಸಿಕ್ಕಿತು. ಹಲ್ಲಿನ ಬುಡದಿಂದ ನೇರ ಗದ್ದದ ಕಡೆಗೆ. ಅದನ್ನು ಒತ್ತಿದೆ. ಕನ್ನಡಿಯಲ್ಲಿ, ಹೊರಗೆ ಗದ್ದದ ತೂತಿನಲ್ಲಿ, ಒಂದು ಹನಿ ಕೀವು ಮೂಡಿತು.

ಬ್ರಷ್ಷು ಕೈಯಿಂದ ಬಿತ್ತು. ಮತ್ತೊಮ್ಮೆ ಒತ್ತಿದೆ, ಮತ್ತೊಂದು ಹನಿ. ‘ಅತ್ತೇ!’ ಎಂದು ಕೂಗಿದೆ. ಅವರು ಓಡಿಬಂದು, ನಾನು ಮೂರನೆಯ ಸಲ ಒತ್ತಿ ತೋರಿಸಿದಾಗ, ‘ಅಯ್ಯೋ ಸಿವ್ನೆ, ಒಳಗಿಂದ ಬತ್ತಾ ಐತಲ್ಲ!’ ಅಂದರು.

ಸೋಮವಾರ ಆಸ್ಪತ್ರೆಗೆ ಹೋಗಲಿಲ್ಲ. ಬ್ಯಾಗನ್ನೆಲ್ಲ ಸುರಿದು ಆ ಚೀಟಿ ಹುಡುಕಿ, ಶ್ರೀರಂಗಪಟ್ಟಣಕ್ಕೆ ಹೋದೆ.

ಪೇಟೆ ಬೀದಿಯಲ್ಲಿ ಬಳೆ ಅಂಗಡಿಯ ಮಹಡಿಯ ಮೇಲೆ ಸಣ್ಣ ಕ್ಲಿನಿಕ್ಕು. ನನ್ನನ್ನು ನೋಡಿ ಆ ಹುಡುಗಿ, ಇನ್ನು ಮೇಲೆ ಡಾಕ್ಟರು ಎನ್ನಬೇಕು, ಯಾವ ಹಳೆಯ ಮಾತನ್ನೂ ಎತ್ತಲಿಲ್ಲ. ನಾನೇ, ‘ಅವತ್ತು ಒರಟಾಗಿ ಮಾತಾಡ್ಬುಟ್ಟೆ’ ಅಂದೆ. ‘ಬಾಯಿ ತೆಗೀರಿ’ ಎಂದಷ್ಟೇ ಹೇಳಿದರು.

ಮೊದಲು ಹತ್ತಿಯ ತುದಿಗೆ ಏನೋ ಸಿಂಪಡಿಸಿ, ಮಂಜಿನಷ್ಟು ತಣ್ಣಗಿದ್ದ ಅದನ್ನು ಒಂದೊಂದೇ ಹಲ್ಲಿಗೆ ಮುಟ್ಟಿಸಿದರು. ಉಳಿದ ಹಲ್ಲುಗಳು ಜುಮ್ಮೆಂದವು, ಬೂದಿ ಬಣ್ಣದ್ದಕ್ಕೆ ಏನೂ ಗೊತ್ತಾಗಲಿಲ್ಲ. ಬಾಯೊಳಗೆ ನೋಡುವ ಪುಟ್ಟ ಕನ್ನಡಿಯ ಹಿಡಿಯಿಂದ ಅದನ್ನು ಮೆಲ್ಲಗೆ ಬಡಿದರು. ಆಮೇಲೆ ಊದುಬತ್ತಿಯ ಕಡ್ಡಿಗಿಂತ ಸಣ್ಣಗಿದ್ದ, ರಬ್ಬರಿನಂತೆ ಬಾಗುವ ಒಂದು ಗುಲಾಬಿ ಎಳೆಯನ್ನು ತೆಗೆದು, ಗದ್ದದ ತೂತಿನೊಳಗೆ ನಿಧಾನವಾಗಿ ತೂರಿಸಿದರು. ಅದು ಹೋಗುತ್ತಲೇ ಹೋಯಿತು. ಅದನ್ನು ಹಾಗೇ ಬಿಟ್ಟು ಎಕ್ಸ್‌ರೇ ತೆಗೆದು ಕಂಪ್ಯೂಟರಿನಲ್ಲಿ ತೋರಿಸಿದರು. ಗದ್ದದಿಂದ ಹೊರಟ ಬಿಳಿ ಗೆರೆ ಬಾಗಿಕೊಂಡು ಮೇಲೇರಿ, ಆ ಹಲ್ಲಿನ ಬೇರಿನ ತುದಿಗೇ ಹೋಗಿ ನಿಂತಿತ್ತು. ಬೇರಿನ ಸುತ್ತ ಅವರೆಕಾಳಿನ ಗಾತ್ರದ ಕಪ್ಪು ಮಚ್ಚೆ.

‘ಈ ಹಲ್ಲು ಸತ್ತು ವರ್ಷಗಳಾಗಿದೆ. ಸತ್ತ ಹಲ್ಲು ನೋಯಲ್ಲ, ಅದಕ್ಕೇ ನಿಮಗೆ ಗೊತ್ತಾಗ್ಲಿಲ್ಲ’ ಅಂದರು. ‘ಒಳಗಿನ ನರ ಕೊಳೆತು, ಬೇರಿನ ತುದೀಲಿ ಕೀವಾಗಿ, ಮೂಳೆ ತೂತು ಮಾಡ್ಕೊಂಡು ಹೊರಗೆ ಬಂದಿದೆ.’

‘ಮಾತ್ರೆ ತಗೊಂಡಾಗ ಒಣಗ್ತಿತ್ತಲ್ಲ?’

‘ಮಾತ್ರೆ ರಕ್ತದಲ್ಲಿ ಹೋಗೋದು. ಸತ್ತ ಹಲ್ಲಿನೊಳಗೆ ರಕ್ತವೇ ಓಡಾಡಲ್ಲ. ಹೊರಗಿನದ್ದು ಒಣಗುತ್ತೆ, ಬೇರಲ್ಲಿರೋದು ಹಾಗೇ ಇರುತ್ತೆ. ಈಗ ಹೇಳಿ, ಬಾಯಿಗೆ ಯಾವತ್ತೂ ಏಟು ಬಿದ್ದಿಲ್ವಾ?’

ಆಗ ನೆನಪಾಯಿತು. ಏಳು ವರ್ಷದ ಹಿಂದೆ, ಹೇಮಗಿರಿ ಕಡೆಗೆ ಹಾಕಿದ್ದ ಸ್ಪೆಷಲ್ ಟ್ರಿಪ್ಪಿನಲ್ಲಿ, ಕಾಲುವೆ ಪಕ್ಕದ ರಸ್ತೆಗೆ ಎಮ್ಮೆಯೊಂದು ನುಗ್ಗಿತ್ತು. ಅಣ್ಣ ಬ್ರೇಕ್ ಒತ್ತಿದರು. ವಿಷಲ್ ಬಾಯಲ್ಲಿಟ್ಟುಕೊಂಡೇ ನಿಂತಿದ್ದ ನಾನು ಮುಂದಿನ ಕಂಬಿಗೆ ಅಪ್ಪಳಿಸಿದ್ದೆ. ತುಟಿ ಒಡೆದು ರಕ್ತ ಬಂದಿತ್ತು, ಕೆಳಗಿನ ಹಲ್ಲು ಎರಡು ವಾರ ಅಲ್ಲಾಡಿ ಆಮೇಲೆ ಗಟ್ಟಿಯಾಗಿತ್ತು. ಗಟ್ಟಿಯಾಯಿತಲ್ಲ ಎಂದು ಮರೆತಿದ್ದೆ. ಎಮ್ಮೆಗೆ ಏನೂ ಆಗಿರಲಿಲ್ಲ.

ಇದನ್ನು ಅಣ್ಣನಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳಿದೆ. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದೆವು. ಅವರು ಲೋಟ ಕೆಳಗಿಟ್ಟರು.

‘ಅಂಗಾದ್ರೆ ಇದು ನಾನು ಮಾಡಿದ್ದಾ?’

‘ಎಮ್ಮೆ ಮಾಡಿದ್ದು ಕಣಣ್ಣ.’

‘ಬ್ರೇಕ್ ಹೊಡ್ದಿದ್ದು ನಾನಲ್ವೇನವ್ವ? ಇಷ್ಟ್ ದಿನ ನಿನ್ ಮುಖ ಕನ್ನಡೀಲಿ ನೋಡ್ಕಂಡೇ ಬಸ್ ಓಡ್ಸಿವ್ನಿ.’ ಅವರ ಕಣ್ಣು ಒದ್ದೆಯಾಗಿತ್ತು. ನಾನು, ‘ಬ್ರೇಕ್ ಹೊಡೀದೆ ಇದ್ದಿದ್ರೆ ಐವತ್ತು ಜನ ಕಾಲುವೇಲಿರ್ತಿದ್ರು. ನಾನೂ ಸೇರಿ. ಟೀ ಕುಡೀರಿ, ಟೈಮಾಯ್ತು’ ಅಂದೆ.

ಚಿಕಿತ್ಸೆಗೆ ಗದ್ದದ ಮೇಲೆ ಕತ್ತರಿ ಆಡಿಸಲಿಲ್ಲ, ಒಂದು ಮುಲಾಮೂ ಇಲ್ಲ. ಹಲ್ಲಿನ ಹಿಂಭಾಗದಲ್ಲಿ ಸಣ್ಣ ರಂಧ್ರ ಕೊರೆದು, ಕೂದಲಿನಂಥ ಸೂಜಿಗಳಿಂದ ಬೇರಿನ ಒಳಗಿನ ಕೊಳೆಯನ್ನೆಲ್ಲ ತೆಗೆದು, ತೊಳೆದು, ಔಷಧಿ ತುಂಬಿ ಮುಚ್ಚಿದರು. ಬಾಯಿ ತೆರೆದುಕೊಂಡೇ ಇದ್ದು ದವಡೆ ನೋಯಿತು, ಅಷ್ಟೇ. ಒಂದು ವಾರಕ್ಕೆ ಕೀವು ಕಡಿಮೆಯಾಯಿತು. ಮತ್ತೆ ತೊಳೆದು ಮತ್ತೆ ಔಷಧಿ ಹಾಕಿದರು. ಹದಿನೈದನೆಯ ದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಬಟ್ಟೆ ಒಣಗಿತ್ತು. ನಾನು ನಂಬಲಿಲ್ಲ. ಹತ್ತು ದಿನ, ಇಪ್ಪತ್ತು ದಿನ, ಒಂದು ತಿಂಗಳು ಕಾದೆ. ಹಿಂದೆ ಎಷ್ಟೋ ಸಲ ಒಣಗಿ ಮೋಸ ಮಾಡಿತ್ತಲ್ಲ. ಈ ಸಲ ಮಾಡಲಿಲ್ಲ. ಅಕ್ಕಿಕಾಳಿನಷ್ಟು ಜಾಗ ಒಳಕ್ಕೆ ಜಗ್ಗಿ, ಸಣ್ಣ ಗುಳಿಯಾಗಿ ಉಳಿಯಿತು. ಬೇರನ್ನು ಶಾಶ್ವತವಾಗಿ ಮುಚ್ಚಿ ಡಾಕ್ಟರು, ‘ಆ ಗುಳಿ ಬೇಡ ಅಂದ್ರೆ ಸಣ್ಣದಾಗಿ ಸರಿ ಮಾಡಿಸ್ಕೋಬಹುದು’ ಅಂದರು.

‘ಇನ್ನು ಯಾರೂ ನನ್ನ ಗದ್ದಕ್ಕೆ ಕೈ ಹಾಕೋದು ಬ್ಯಾಡ’ ಅಂದೆ.

ಎಕ್ಸ್‌ರೇ ಫಿಲ್ಮಿಗೆ ಅಚ್ಚು ಹಾಕಿಸಿಕೊಂಡು ಮೊದಲು ಹೋಗಿದ್ದು ಸರ್ಜನ್ ಹತ್ತಿರ. ಅವರು ನನ್ನನ್ನು ನೋಡಿದ ಕೂಡಲೇ, ಆಪರೇಷನ್ ತಪ್ಪಿಸಿಕೊಂಡಿದ್ದಕ್ಕೆ ಗದರಿದರು. ನಾನು ಚಿತ್ರವನ್ನು ಮೇಜಿನ ಮೇಲಿಟ್ಟೆ. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

‘ಹಲ್ಲು ನೋವಿದೆ ಅಂತ ನೀವು ಹೇಳಲೇ ಇಲ್ವಲ್ಲ’ ಅಂದರು.

‘ನೋವಿದ್ದರೆ ತಾನೆ ಸಾರ್ ಹೇಳೋದು? ಎಷ್ಟು ಸಲ ಬಂದೆ ನಿಮ್ಮ ಹತ್ರ! ಒಂದು ಸಲನೂ ಬಾಯಿ ತೆಗಿ ಅನ್ನಲಿಲ್ಲ ನೀವು. ಚರ್ಮದ ಡಾಕ್ಟರೂ ಅನ್ನಲಿಲ್ಲ.’

ಹೊರಗೆ ಕಾಯುತ್ತಿದ್ದ ರೋಗಿಗಳಿಗೂ ಕೇಳಿಸಿರಬೇಕು. ಅವರು ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. ‘ತಪ್ಪಾಯ್ತಮ್ಮ’ ಅಂದರು, ಬೋಧಿಸುವ ಧ್ವನಿಯಲ್ಲಲ್ಲ, ಸುಮ್ಮನೆ. ಚಿತ್ರವನ್ನು ತಮ್ಮ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಬಹುದೇ ಎಂದು ಕೇಳಿದರು. ‘ತಗೊಳ್ಳಿ’ ಅಂದೆ. ಅದೊಂದು ಮಾತಿಗೆ ಅವರ ಮೇಲಿದ್ದ ಅರ್ಧ ಕೋಪ ಇಳಿಯಿತು. ಇನ್ನರ್ಧ ಇನ್ನೂ ಇದೆ.

ಡಿಪೋದಲ್ಲಿ ಅಷ್ಟು ಸಲೀಸಾಗಲಿಲ್ಲ. ಹಲ್ಲಿನ ಡಾಕ್ಟರ ಸರ್ಟಿಫಿಕೇಟ್ ಮುಖದ ಗಾಯಕ್ಕೆ ನಡೆಯುವುದಿಲ್ಲವೆಂದು ಮ್ಯಾನೇಜರು ಹಿಂದಕ್ಕೆ ತಳ್ಳಿದರು. ‘ವಾಸಿ ಮಾಡಿದೋರು ಸರ್ಟಿಫಿಕೇಟ್ ಕೊಡದೆ, ವಾಸಿ ಮಾಡ್ದೇ ಇರೋರು ಕೊಡ್ತಾರಾ ಸಾರ್? ನಡೆಯಲ್ಲ ಅಂತಾದ್ರೂ ಬರೆದು ಕೊಡಿ’ ಅಂದೆ. ಅವರು ಕೈ ಮುಗಿದು ಕಡತಕ್ಕೆ ಹಾಕಿಕೊಂಡರು. ಎರಡು ತಿಂಗಳಲ್ಲಿ ನನ್ನನ್ನು ಶ್ರೀರಂಗಪಟ್ಟಣದ ಲೈನಿನಿಂದ ತೆಗೆದು ನಾಗಮಂಗಲ–ದೇವಲಾಪುರದ ಬಸ್ಸಿಗೆ ಹಾಕಿದರು. ಹಠಮಾರಿ ಎಂಬ ಹೆಸರಿಗೆ ಸಿಕ್ಕ ಬಹುಮಾನ. ಅಣ್ಣನ ಬಸ್ಸು ತಪ್ಪಿಹೋಯಿತೆಂಬುದೊಂದೇ ಸಂಕಟ. ನಾನೇನೂ ಯಾರ ಕಾಲೂ ಹಿಡಿಯಲಿಲ್ಲ. ಆ ಕಡೆಯ ಒಣಭೂಮಿಯ ಜನ ಮಾತಿಗೆ ಒರಟು, ಆದರೆ ಟಿಕೆಟ್ ಕೈಗೇ ತಗೊಳ್ಳುತ್ತಾರೆ.

ಈಗ ಮುಖದ ಮೇಲೆ ಪಟ್ಟಿ ಅಂಟಿಸಿಕೊಂಡವರು ಹತ್ತಿದರೆ ನನಗೆ ಸುಮ್ಮನಿರಲಾಗುವುದಿಲ್ಲ. ಕೇಳಿಯೇ ಕೇಳುತ್ತೇನೆ. ಬಹಳಷ್ಟು ಸಲ ಬಯ್ಯಿಸಿಕೊಂಡಿದ್ದೇನೆ. ಒಬ್ಬಳದ್ದು ಬರೀ ಬೆಕ್ಕು ಪರಚಿದ್ದು. ಆದರೆ ದೇವಲಾಪುರದ ಹತ್ತಿರದ ಒಬ್ಬ ಅಜ್ಜ, ದವಡೆಯ ಅಂಚಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದವರು, ಮೊದಲ ಸಲ ಕೇಳಿದಾಗ, ‘ಟಿಕೆಟ್ ಕೊಡವ್ವ, ಡಾಕ್ಟ್ರಿಕೆ ಬ್ಯಾಡ’ ಅಂದಿದ್ದರು. ನಾಲ್ಕನೆಯ ಸಲಕ್ಕೆ ರೇಗಿ, ‘ತಕ್ಕೊ, ನೋಡ್ಕೊ!’ ಎಂದು ಇಡೀ ಬಸ್ಸಿನ ಮುಂದೆ ಬಾಯಿ ಅಗಲಿಸಿದರು. ಕೆಳದವಡೆಯ ಹಿಂದಿನ ಹಲ್ಲು ಅರ್ಧ ಹುಳುಕಾಗಿ, ಬರೀ ಚಿಪ್ಪಿನಂತೆ ನಿಂತಿತ್ತು. ಕ್ಲಿನಿಕ್ಕಿನ ವಿಳಾಸ ಬರೆದು ಕೊಟ್ಟೆ.

ತಿಂಗಳ ಮೇಲೆ ಅವರು ಮತ್ತೆ ಹತ್ತಿದರು. ದವಡೆಯ ಮೇಲೆ ಬಟ್ಟೆಯಿರಲಿಲ್ಲ.

‘ಎಂಗೈತೆ ತಾತ?’

‘ಕಿತ್ತಾಕ್ಬುಟ್ರು ಹಲ್ನ. ಗಾಯ ಒಣಗೋಯ್ತು.’

‘ಊಟಕ್ಕೆ ತೊಂದ್ರೆ ಇಲ್ವಾ?’

‘ಮುದ್ದೆ ನುಂಗಾಕೆ ಹಲ್ಯಾಕವ್ವ?’ ಎಂದರು ಅಜ್ಜ, ಕೈಯೊಡ್ಡಿ ಟಿಕೆಟ್ ತಗೊಂಡು, ಕಿಟಕಿ ಪಕ್ಕದ ಸೀಟಿಗೆ ಹೋಗಿ ಕುಳಿತರು.